ಲೈಡನ್‌ನಲ್ಲಿ ಒಬ್ಬರೇ ಪಾರ್ಕಿಗೆ ಹೋಗಿಬರುವ ಬಗೆ

ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವ ಗೆಳತಿಯೊಬ್ಬರು ಈ ಮೇ ತಿಂಗಳಲ್ಲಿ ಮಗನ ಮನೆಗೆ ಹೊರಟಿದ್ದಾರೆ. ಊರು ನೆದರ್‌ಲ್ಯಾಂಡ್ಸ್‌ನ ಲೈಡನ್. ನಾನು ಮೂರು ತಿಂಗಳು ಮಗಳ ಜೊತೆ ಇದ್ದು ಬಂದ ಊರೇ ಅದು. "ಅವ್ನು ಬೆಳಿಗ್ಗೆ ಎಂಟಕ್ಕೆ ಹೋದ್ರೆ ಬರೋದು ಸಂಜೆ ಆರಕ್ಕೆ. ಅಷ್ಟು ಹೊತ್ತು ನಾನೇನ್ ಮಾಡ್ಲಿ ಟೀಚರೇ?" ಅಂದರು. ಪಾರ್ಕಿಗೆ ಹೋಗಿ, ಅಂದೆ. ನಾನಂತೂ ಮೊದಲ ಹದಿನೈದು ದಿನ ಕಿಟಕಿ ಪಕ್ಕ ಕೂತು, ಶನಿವಾರ ಯಾವಾಗ ಬರುತ್ತೋ ಅಂತ ಕಾಯುತ್ತಾ ಸುಮ್ನೆ ಹಾಳು ಮಾಡಿಕೊಂಡೆ.

ಮೊದಲು ಮನೆ ಕೀ. ಅಲ್ಲಿ ಬಾಗಿಲು ಎಳೆದುಕೊಂಡರೆ ಸಾಕು, ತಾನೇ ಲಾಕ್ ಆಗುತ್ತದೆ. ಒಂದು ದಿನ ಕೀ ಒಳಗೇ ಬಿಟ್ಟು ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ಕೀಗೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ, ನಾಚಿಕೆ ಬೇಡ. ಛತ್ರಿ ಬಿಡಿ, ಅಲ್ಲಿನ ಗಾಳಿಗೆ ಅದು ನಿಲ್ಲುವುದಿಲ್ಲ. ಟೋಪಿ ಇರುವ ಮಳೆ ಜಾಕೆಟ್ ಒಯ್ಯಿರಿ. ನಲ್ಲಿ ನೀರನ್ನೇ ಬಾಟಲಿಗೆ ತುಂಬಿಕೊಳ್ಳಬಹುದು.

ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಹಾಗಾಗಿ ದಾಟುವಾಗ ಮೊದಲು ಎಡಕ್ಕೆ ನೋಡಿ. ಕೆಂಪು ಬಣ್ಣದ ದಾರಿ ಕಂಡರೆ ಅದು ಸೈಕಲ್ಲಿನದು, ಅದರ ಮೇಲೆ ನಿಲ್ಲಲೇಬೇಡಿ. ನಮ್ಮೂರಿನ ಬಿ.ಎಚ್. ರಸ್ತೆ ದಾಟಿದವರಿಗೆ ಇದೇನು ಮಹಾ ಅನ್ನಿಸಬಹುದು. ನಮ್ಮಲ್ಲಿ ಹಾರನ್ ಆದರೂ ಕೇಳಿಸುತ್ತೆ, ಅಲ್ಲಿ ಸೈಕಲ್ ಬಂದಿದ್ದೇ ಗೊತ್ತಾಗಲ್ಲ.

ಶುರು ಮಾಡಲು ಸಿಂಗೆಲ್‌ಪಾರ್ಕ್ ಒಳ್ಳೆಯದು. ಸಿಂಗೆಲ್ ಅಂದರೆ ಹಳೇ ಊರಿನ ಸುತ್ತ ತೋಡಿದ ಕಂದಕ. ಕೋಟೆಗೋಡೆ ಹೋಗಿದೆ, ನೀರು ಉಳಿದಿದೆ. ಅದರ ದಡದಲ್ಲಿ ಸುಮಾರು 6 ಕಿಲೋಮೀಟರ್ ಉದ್ದಕ್ಕೆ ಪಾರ್ಕಿಗೆ ಪಾರ್ಕು ಕೂಡಿಸಿದ್ದಾರೆ. ರೈಲ್ವೆ ಸ್ಟೇಷನ್ ಹತ್ತಿರ ಡಿ ಫಾಲ್ಕ್ ಅನ್ನುವ 1743ರ ಗಾಳಿಗಿರಣಿ ಇದೆ. ಅಲ್ಲಿಂದ ನೀರನ್ನು ಎಡಕ್ಕೆ ಇಟ್ಟುಕೊಂಡು ಹೊರಡಿ. ಊರಿಗೆ ಪ್ರದಕ್ಷಿಣೆ ಹಾಕಿದ ಹಾಗೆ. ಒಂದೆರಡು ಕಡೆ ರಸ್ತೆಗೆ ಹೊರಳಬೇಕಾದರೂ ಮತ್ತೆ ನೀರು ಸಿಗುತ್ತದೆ, ಕೊನೆಗೆ ಗಾಳಿಗಿರಣಿ ಹತ್ತಿರವೇ ಬರುತ್ತೀರಿ. ಡಚ್ ಬರದಿದ್ದರೂ ದಾರಿ ತಪ್ಪುವುದಿಲ್ಲ. ಒಂದೇ ದಿನ ಮುಗಿಸಬೇಕು ಅಂತಿಲ್ಲ. ನನಗೆ ಪ್ಲಾಂಟ್‌ಸುನ್ ಅನ್ನುವ ಭಾಗವೇ ಜಾಸ್ತಿ ಇಷ್ಟ, ಅಲ್ಲಿ ದೊಡ್ಡ ಮರಗಳಿವೆ.

ನೀರಿನಲ್ಲಿ ಕಪ್ಪು ಮೈ, ಹಣೆ ಮೇಲೆ ಬಿಳಿ ಪಟ್ಟಿಯ ಹಕ್ಕಿ ಕಂಡರೆ ನಿಲ್ಲಿ. ಅದು ನಮ್ಮ ಕೆರೆಗಳಲ್ಲೂ ಕಾಣುವ ನಾಮದ ಕೋಳಿಯೇ! ನಾನು ನೋಡಿದ ಗೂಡಿನಲ್ಲಿ ಜೊಂಡಿನ ಕಡ್ಡಿಯ ಜೊತೆ ಚಿಪ್ಸ್ ಪೊಟ್ಟಣ, ನೀಲಿ ಹಗ್ಗ, ಯಾರದೋ ಮಾಸ್ಕ್ ಎಲ್ಲಾ ಇದ್ದವು. ಒಳಗೆ ಕೆಂಪು ತಲೆಯ ಮೂರು ಮರಿ. ಅಪ್ಪನೋ ಅಮ್ಮನೋ ಒಂದೊಂದೇ ಕಡ್ಡಿ ತಂದು ಸಿಕ್ಕಿಸುತ್ತಿತ್ತು, ಸರಿ ಕೂರದಿದ್ದರೆ ಕಿತ್ತು ಮತ್ತೆ ಸಿಕ್ಕಿಸುತ್ತಿತ್ತು. ಒಂದು ವಾರ ದಿನಾ ಹೋಗಿ ನೋಡಿದೆ. ಬ್ರೆಡ್ ಹಾಕಬೇಡಿ, ಹಕ್ಕಿಗಳಿಗೆ ಅದು ಒಳ್ಳೆಯದಲ್ಲ.

ಸೊಪ್ಪು ಕಂಡಲ್ಲಿ ಕೈ ಹಾಕುವ ಅಭ್ಯಾಸ ನಮಗೆ ಇರುತ್ತೆ ಅಲ್ವಾ? ಬಿಡಿ. ನಾನು ಚೆನ್ನಾಗಿದೆ ಅಂತ ಕುಡಿ ಮುರಿದೆ. ಅದು ತುರಿಕೆ ಗಿಡ, ರಾತ್ರಿವರೆಗೂ ಬೆರಳು ಉರಿಯಿತು. ಉದ್ದ ಹುಲ್ಲಿನಲ್ಲಿ ಕೂತರೆ ಮನೆಗೆ ಬಂದು ಕಾಲು ನೋಡಿಕೊಳ್ಳಿ, ರಕ್ತ ಹೀರುವ ಉಣ್ಣಿ ಹುಳ ಹತ್ತಿರಬಹುದು.

ಹೊರ್ಟಸ್‌ಗೆ ಟಿಕೆಟ್ ಇದೆ, ಆದರೂ ಹೋಗಿ. ವಿಶ್ವವಿದ್ಯಾಲಯ 1590ರಲ್ಲಿ ಶುರು ಮಾಡಿದ ಸಸ್ಯೋದ್ಯಾನ ಅದು. ಕ್ಲೂಸಿಯಸ್ ಅನ್ನುವ ಸಸ್ಯಶಾಸ್ತ್ರಜ್ಞರು ಇಲ್ಲಿ ಬೆಳೆಸಿದ ಟುಲಿಪ್ 1594ರಲ್ಲಿ ಹೂ ಬಿಟ್ಟಿತ್ತು. ಮೇ ಕೊನೆಗೆ ಹೋದರೆ ಟುಲಿಪ್ ಮುಗಿದಿರುತ್ತೆ, ಬೇಜಾರು ಬೇಡ. 1601ರಲ್ಲಿ ನೆಟ್ಟ ಮರ ಒಂದಿದೆ. ಅದರ ಜಾತಿಗೆ ಡಚ್ಚರು ಚಿನ್ನದ ಮಳೆ ಅನ್ನುತ್ತಾರೆ. ಹೂಗೊಂಚಲು ಥೇಟ್ ನಮ್ಮ ಕಕ್ಕೆಮರದ್ದು, ಹಳದಿ ಜಡೆ ಇಳಿಬಿಟ್ಟ ಹಾಗೆ. ಆದರೆ ಅದು ಬೇರೆ ಕುಲ, ಎಲ್ಲಾ ಭಾಗವೂ ವಿಷ. ಚಳಿ ಅನ್ನಿಸಿದರೆ ಗಾಜಿನ ಮನೆಯೊಳಗೆ ನುಗ್ಗಿ. ಕನ್ನಡಕದ ಮೇಲೆ ಆವಿ ಕೂತು ಎರಡು ನಿಮಿಷ ಏನೂ ಕಾಣುವುದಿಲ್ಲ, ಆಮೇಲೆ ತಟ್ಟೆಯಂಥ ದೊಡ್ಡ ಎಲೆಯ ವಿಕ್ಟೋರಿಯಾ ತಾವರೆ ಕಾಣುತ್ತದೆ.

ಬುರ್ಖ್ಟ್ ಅನ್ನುವ ಹಳೇ ಕೋಟೆಯ ದಿಬ್ಬಕ್ಕೆ ಟಿಕೆಟ್ ಇಲ್ಲ. ದೇವರಾಯನದುರ್ಗ ಹತ್ತಿದವರಿಗೆ ಅದು ಬೆಟ್ಟವೇ ಅಲ್ಲ, ಆದರೆ ಮೇಲಿಂದ ಊರಿನ ಹೆಂಚೆಲ್ಲಾ ಕಾಣುತ್ತದೆ.

ಹೋಫ್ಯೆಗಳನ್ನು ಮಾತ್ರ ಬಿಡಬೇಡಿ. ಹಿಂದೆ ಬಡ ವೃದ್ಧರಿಗೆ ಅಂತ ಕಟ್ಟಿಸಿದ ಪುಟ್ಟ ಮನೆಗಳ ಸಾಲು, ನಡುವೆ ತೋಟ. ನಮ್ಮ ವಠಾರವೇ, ಅಂಗಳದಲ್ಲಿ ಬಟ್ಟೆ ಒಣಗುವ ಬದಲು ಗುಲಾಬಿ. ಸುಮಾರು 35 ಇವೆ. ಪೀಟರ್ಸ್‌ಕೆರ್ಕ್ ಅನ್ನುವ ಚರ್ಚಿನ ಹತ್ತಿರ 1683ರ ಜಾನ್ ಪೆಸೈನ್ ಹೋಫ್ಯೆ ಇದೆ. ಬಾಗಿಲು ತೆರೆದಿದ್ದರೆ ಒಳಗೆ ಹೋಗಬಹುದು. ಈಗಲೂ ಜನ ವಾಸವಾಗಿದ್ದಾರೆ. ಮೆಲ್ಲಗೆ ಹೋಗಿ, ಫೋನ್ ಸೈಲೆಂಟ್ ಮಾಡಿ, ಕಿಟಕಿಯೊಳಗೆ ಇಣುಕಬೇಡಿ. ಅಜ್ಜಿಯೊಬ್ಬರು ನನ್ನ ಸೀರೆ ನೋಡಿ ಕೈಬೀಸಿದರು. ನಾನು "ದಾಖ್" ಅಂದೆ. ನಮಸ್ಕಾರಕ್ಕೂ ಅದೇ, ಬರ್ತೀನಿ ಅನ್ನಲಿಕ್ಕೂ ಅದೇ.

ಕಾಫಿ ಬೇಕೆನಿಸಿದರೆ ಕೆಫೆ ಬೋರ್ಡ್ ಹುಡುಕಿ. ಕಾಫಿಶಾಪ್ ಅಂತಿದ್ದರೆ ಅಲ್ಲಿ ಮಾರುವುದು ಗಾಂಜಾ. ಬಾಗಿಲು ತೆರೆದ ಕೂಡಲೇ ವಾಸನೆ ಬಂತು, ಹಾಗೇ ಹಿಂದೆ ಬಂದೆ. ಮಗಳು ಇವತ್ತಿಗೂ ನಗುತ್ತಾಳೆ. ಕಾಫಿ ಕುಡಿದ ಕಡೆಯೇ ಟಾಯ್ಲೆಟ್ಟಿಗೂ ಹೋಗಿಬಿಡಿ, ಪಾರ್ಕಿನಲ್ಲಿ ಸಿಗುವುದು ಕಷ್ಟ.

ಊಟಕ್ಕೆ ವಾನ್ ಡರ್ ವೆರ್ಫ್ ಪಾರ್ಕ್. 1807ರ ಜನವರಿ 12ರಂದು ಮದ್ದುಗುಂಡಿನ ದೋಣಿ ಸಿಡಿದು ಸುಮಾರು 150 ಜನ ಸತ್ತ ಜಾಗ. ಮನೆಗಳು ನೆಲಸಮವಾದ ಕಡೆ ಈಗ ಹುಲ್ಲು. ನೀರಿನಾಚೆಯ ಕಟ್ಟಡದಲ್ಲಿ 1908ರಲ್ಲಿ ಕಾಮರ್‌ಲಿಂಗ್ ಓನೆಸ್ ಮೊದಲ ಸಲ ಹೀಲಿಯಂ ಅನಿಲವನ್ನು ದ್ರವ ಮಾಡಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೆ, ಅದರ ಎದುರು ಕೂತು ಪುಳಿಯೋಗರೆ ತಿನ್ನುತ್ತೇನೆ ಅಂದುಕೊಂಡಿರಲಿಲ್ಲ. ಡಬ್ಬಿ ಮುಚ್ಚಳ ಭದ್ರವಾಗಿರಲಿ. ಅಲ್ಲಿನ ಸೀಗಲ್ ಹಕ್ಕಿಗಳು ದೇವರಾಯನದುರ್ಗದ ಕೋತಿಗಳಿಗಿಂತ ಏನೂ ಕಡಿಮೆ ಇಲ್ಲ.