ಅಡ್ವಾನ್ಸ್‌ನಲ್ಲಿ ಎಷ್ಟು ಹಿಡ್ಕೋಬಹುದು? ಮನೆ ಖಾಲಿ ಮಾಡೋರಿಗೂ ಓನರ್‌ಗಳಿಗೂ ಒಂದು ಲೆಕ್ಕ

ಬೆಂಗಳೂರಲ್ಲಿ ಬಾಡಿಗೆ ಮನೆ ಖಾಲಿ ಮಾಡ್ದಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಎಷ್ಟು ಮಾಮೂಲಾಗೋಗಿದೆ ಅಂದ್ರೆ ಅದನ್ನ ಯಾರೂ ಜಗಳ ಅಂತಾನೇ ಅಂದ್ಕೊಳ್ಳಲ್ಲ. ಜಗಳ ಶುರುವಾಗೋದು ಅದರ ಮೇಲೆ ಇನ್ನೊಂದು ಚೀಟಿ ಬಂದಾಗ, ಕ್ಲೀನಿಂಗ್ ಇಷ್ಟು, ನಲ್ಲಿ ಇಷ್ಟು, ಗೀಸರ್ ಇಷ್ಟು, ಬಾತ್‌ರೂಮ್ ಬಾಗಿಲು ಇಷ್ಟು ಅಂತ. ಐದಾರು ತಿಂಗಳ ಬಾಡಿಗೆ, ಹಳೇ ಲೆಕ್ಕದ ಮನೆಗಳಲ್ಲಿ ಹತ್ತು ತಿಂಗಳ ಬಾಡಿಗೆ, ಓನರ್ ಕೈಯಲ್ಲೇ ಇರುತ್ತೆ, ಅವರು ಬರೆದಿದ್ದೇ ಬಿಲ್ಲು. ಇಂಗ್ಲೆಂಡಲ್ಲಾದ್ರೆ ಅಡ್ವಾನ್ಸ್ ದುಡ್ಡನ್ನ 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಲ್ಲಿ ದಾಖಲು ಮಾಡ್ಬೇಕು, ಆ ಸ್ಕೀಮು 2007ರಿಂದ ಇದೆ, ಜಗಳ ಬಂದ್ರೆ ಅಲ್ಲಿ ಮೂರನೆಯವರು ಕೂತು ನೋಡ್ತಾರೆ. ನಮ್ಮಲ್ಲಿ ಆ ಮೂರನೆಯವರು ಇಲ್ಲ, ಅದಕ್ಕೇ ಸಾಕ್ಷಿ, ಲೆಕ್ಕ ಎರಡನ್ನೂ ನಾವೇ ಮಾಡಿಟ್ಕೋಬೇಕು.

ಕಾನೂನು ಏನ್ ಹೇಳುತ್ತೆ

ಮೊದಲು ಒಂದು ಭ್ರಮೆ ಬಿಡೋಣ. "ರೆಂಟ್ ಕಂಟ್ರೋಲ್‌ಗೆ ಹೋಗ್ತೀನಿ" ಅಂತ ಹೆದರಿಸೋರು ಇನ್ನೂ ಇದ್ದಾರೆ, ಆದ್ರೆ ಕರ್ನಾಟಕ ಬಾಡಿಗೆ ಕಾಯ್ದೆ 1999 ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರೋ ಮನೆಗಳಿಗೆ ಅನ್ವಯಾನೇ ಆಗಲ್ಲ. ಇವತ್ತು ಬೆಂಗಳೂರಲ್ಲಿ 3,500ಕ್ಕೆ ಬೈಕ್ ನಿಲ್ಸೋಕೆ ಜಾಗ ಸಿಗಬಹುದೇನೋ, ಮನೆಯಂತೂ ಇಲ್ಲ. ಹಾಗಾಗಿ ನಮ್ಮ ನಿಮ್ಮಂಥವರಿಗೆ ಲಾಗೂ ಆಗೋದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ನಲ್ಲಿ ಸ್ಪಷ್ಟವಾಗಿದೆ: ಮನೆ ತಗೊಂಡಾಗ ಹೇಗಿತ್ತೋ ಹಾಗೇ ವಾಪಸ್ ಕೊಡ್ಬೇಕು, ಆದ್ರೆ ಸಹಜವಾಗಿ ಬಳಸಿ ಸವೆದಿದ್ದು ಮತ್ತೆ ಯಾರೂ ತಡೆಯಕ್ಕಾಗದ ಹೊಡೆತದಿಂದ ಆಗಿದ್ದು, ಇವೆರಡೂ ಬಾಡಿಗೆದಾರರ ತಲೆ ಮೇಲೆ ಬರಲ್ಲ.

ಖುಷಿಯಾಗೋಕೆ ಮುಂಚೆ ಅದೇ ಸೆಕ್ಷನ್ನಿನ ಆರಂಭ ನೋಡಿ. ಅಗ್ರಿಮೆಂಟಲ್ಲಿ ಬೇರೆ ರೀತಿ ಬರ್ಕೊಂಡಿಲ್ಲ ಅಂದ್ರೆ ಮಾತ್ರ ಈ ನಿಯಮ. ಅಂದ್ರೆ "ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಬಾಬ್ತು ಕಡಿತ" ಅಂತ ಇರೋ ಪೇಪರ್‌ಗೆ ನೀವು ಸೈನ್ ಹಾಕಿದ್ರೆ ಆಮೇಲೆ ಸವಕಳಿ ಅಂತ ವಾದ ಮಾಡೋದು ಕಷ್ಟ.

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂತು, ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ ಅಂತ ಅದರಲ್ಲಿದೆ. ಆದ್ರೆ ಅದು ಮಾದರಿ ಅಷ್ಟೇ, ರಾಜ್ಯ ಸರ್ಕಾರ ತನ್ನದೇ ಕಾಯ್ದೆ ಮಾಡ್ಕೊಂಡ್ರೆ ಮಾತ್ರ ಜಾರಿ. ಆದ್ರೂ ಅದರ ಕೊನೆಯಲ್ಲಿರೋ ಒಂದು ಪಟ್ಟಿ ಮಾತುಕತೆಗೆ ತುಂಬ ಉಪಯೋಗ: ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿ ಪೇಂಟು, ಕಟ್ಟಡದ ರಿಪೇರಿ, ಪೈಪ್ ಬದಲಾಯಿಸೋದು, ವೈರಿಂಗು, ಇವು ಓನರ್ ಪಾಲಿಗೆ. ನಲ್ಲಿ ವಾಷರ್ರು, ಸ್ವಿಚ್ಚು ಸಾಕೆಟ್ಟು, ಮೋರಿ ಕಟ್ಕೊಂಡಿದ್ದು, ಕಿಟಕಿ ಗಾಜು, ಗೀಸರ್ ರಿಪೇರಿ ಇಂಥವು ಬಾಡಿಗೆದಾರರ ಪಾಲಿಗೆ. ಗಮನಿಸಿ, ಸುಣ್ಣಬಣ್ಣ ಓನರ್ ಕಡೆ ಇದೆ, ಗೀಸರ್ ರಿಪೇರಿ ನಮ್ ಕಡೆ ಇದೆ, ಇಬ್ಬರಿಗೂ ಒಂದೊಂದು ಕಹಿ ಗುಳಿಗೆ.

ಮೊದಲ ಕೆಲಸ: ಸಾಮಾನು ಇಳಿಸೋಕೆ ಮುಂಚೆ ವಿಡಿಯೋ

ಹಾಲು ಉಕ್ಕಿಸೋ ದಿನಾನೇ, ಮನೆ ಖಾಲಿ ಇರುವಾಗ, ಬಾಗಿಲಿನಿಂದ ಶುರು ಮಾಡಿ ಒಂದೇ ಉದ್ದ ವಿಡಿಯೋ ತೆಗೀರಿ. ಸುಮ್ನೆ ಗೋಡೆ ಮೇಲೆ ಕ್ಯಾಮರಾ ಓಡಿಸಿದ್ರೆ ಪ್ರಯೋಜನ ಇಲ್ಲ. ಪ್ರತೀ ನಲ್ಲಿ ಬಿಟ್ಟು ತೋರಿಸಿ, ಫ್ಲಶ್ ಮಾಡಿ, ಗೀಸರ್ ಲೈಟ್ ಉರಿಯುತ್ತಾ ನೋಡಿ, ಕಪಾಟಿನ ಬಾಗಿಲು ತೆಗೆದು ಕೆಳಗಡೆ ಪ್ಲೈವುಡ್ ನೀರು ಕುಡಿದು ಉಬ್ಬಿದ್ಯಾ ನೋಡಿ, ಸಿಂಕ್ ಕೆಳಗೆ ತಲೆ ಹಾಕಿ ತೆಗೀರಿ, ಸೂರಿನ ಮೂಲೆಯಲ್ಲಿ ತೇವದ ಗುರುತು ಇದ್ರೆ ಅಲ್ಲಿ ನಿಂತು ಬಾಯಲ್ಲೇ ಹೇಳಿ. ಹಿಂದಿನವರು ಹೊಡೆದ ಡ್ರಿಲ್ ತೂತು ಎಷ್ಟಿದೆ ಅಂತ ಎಣಿಸಿ. ಕರೆಂಟ್ ಮೀಟರ್ ರೀಡಿಂಗ್ ಒಂದು ಫೋಟೋ, ಕೊಟ್ಟ ಕೀಲಿಗಳೆಲ್ಲ ಅಂಗೈಯಲ್ಲಿಟ್ಕೊಂಡು ಒಂದು ಫೋಟೋ.

ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ, ಗಲಾಟೆ ಟೋನಲ್ಲಿ ಬೇಡ. "ಅಂಕಲ್ ನಮಸ್ಕಾರ, ಇವತ್ತು ಮನೆಗೆ ಬಂದ್ವಿ, ತುಂಬಾ ಥ್ಯಾಂಕ್ಸ್. ಈಗ ಮನೆ ಇರೋ ಸ್ಥಿತಿ ವಿಡಿಯೋ ಕಳಿಸ್ತಿದೀನಿ, ರೂಮ್ ಕಿಟಕಿ ಹತ್ರ ತೇವ ಇದೆ, ಬಾತ್‌ರೂಮ್ ಬಾಗಿಲು ಕೆಳಗೆ ಕೊಳ್ತಿದೆ, ನಿಮ್ ಗಮನಕ್ಕೆ ಇರ್ಲಿ ಅಂತ." ಅವರು ಒಂದು ಥಂಬ್ಸ್‌ಅಪ್ ಒತ್ತಿದ್ರೂ ಒಳ್ಳೇದೇ. ಫೋನ್ ಬದಲಾಯಿಸುವಾಗ ಒರಿಜಿನಲ್ ವಿಡಿಯೋ ಡಿಲೀಟ್ ಮಾಡ್ಬೇಡಿ, ಯಾಕಂದ್ರೆ ಕೋರ್ಟ್‌ವರೆಗೂ ಹೋದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಫೋಟೋ ವಿಡಿಯೋ ಚಾಟ್ ಜೊತೆ, ಇದು ಯಾವ ಫೋನಿಂದ ಹೇಗೆ ಬಂದಿದ್ದು ಅಂತ ಹೇಳೋ ಒಂದು ಸರ್ಟಿಫಿಕೇಟ್ ಕೊಡ್ಬೇಕಾಗುತ್ತೆ.

ಅಗ್ರಿಮೆಂಟ್‌ನಲ್ಲಿ ಎರಡು ಸಾಲು

ಹನ್ನೊಂದು ತಿಂಗಳ ಅಗ್ರಿಮೆಂಟ್ ಅಂದ್ರೆ ಟೈಪಿಂಗ್ ಅಂಗಡಿಯವನ ಕಂಪ್ಯೂಟರಲ್ಲಿರೋ ರೆಡಿ ಫಾರ್ಮ್ಯಾಟು, ಹೆಸರು ಮಾತ್ರ ಬದಲಾಗಿರುತ್ತೆ. (ಒಂದು ವರ್ಷ ಮೀರಿದ್ರೆ ರಿಜಿಸ್ಟರ್ ಮಾಡಿಸ್ಲೇಬೇಕು ಅನ್ನೋ ಕಾರಣಕ್ಕೇ ಈ ಹನ್ನೊಂದು.) ಅದರಲ್ಲಿ ಎರಡು ಸಾಲು ಸೇರಿಸಕ್ಕೆ ಕೇಳಿ. ಒಂದು, ಪೇಂಟಿಂಗ್‌ಗೆ "ಬಿಲ್ ಪ್ರಕಾರ ಆದ ಖರ್ಚು ಅಥವಾ ಒಂದು ತಿಂಗಳ ಬಾಡಿಗೆ, ಯಾವುದು ಕಮ್ಮಿಯೋ ಅದು". ಎರಡು, "ಸಹಜ ಸವಕಳಿಗೆ ಕಡಿತ ಇಲ್ಲ, ಅಡ್ವಾನ್ಸ್ ಬಾಕಿ ಕೀಲಿ ಕೊಡುವ ದಿನವೇ ವಾಪಸ್". ಒಪ್ಪಲ್ಲ ಅಂತಾರೇನೋ, ಕೇಳೋಕೇನು, ಮನೆ ಖಾಲಿ ಬಿದ್ದು ಎರಡು ತಿಂಗಳಾಗಿದ್ರೆ ಒಪ್ತಾರೆ.

ಸವೆದಿದ್ದಾ, ಹಾಳು ಮಾಡಿದ್ದಾ

ಇಲ್ಲೇ ಇರೋದು ಇಡೀ ಜಗಳ. ನಾನು ಕೇಳೋ ಪ್ರಶ್ನೆ ಒಂದೇ: ನಿಮ್ಮ ಬದಲು ಇನ್ಯಾರೋ ಒಳ್ಳೇ ಸಂಸಾರಸ್ಥರು ಇಷ್ಟೇ ದಿನ ಆ ಮನೆಲಿದ್ದಿದ್ರೂ ಹಿಂಗೇ ಆಗ್ತಿತ್ತಾ? ಆಗ್ತಿತ್ತು ಅಂದ್ರೆ ಅದು ಸವಕಳಿ.

ಬಿಸಿಲಿಗೆ ಮಾಸಿದ ಗೋಡೆ, ಬೀರು ಹಿಂದೆ ಹೊಸದಾಗೇ ಉಳಿದ ಚೌಕ, ಮಳೆಗಾಲದಲ್ಲಿ ಊದಿಕೊಂಡ ಬಾಗಿಲು, ಸಡಿಲಾದ ಚಿಲಕ, ಇವೆಲ್ಲ ಓನರ್ ಖಾತೆಗೆ. ಬೋರ್ ನೀರಿನ ವಿಷಯ ಬೇರೆ ಹೇಳ್ಲೇಬೇಕು. ಕಾವೇರಿ ಕನೆಕ್ಷನ್ ಇಲ್ಲದ ಏರಿಯಾಗಳಲ್ಲಿ ಎರಡೇ ವರ್ಷಕ್ಕೆ ಶವರ್ ತೂತುಗಳೆಲ್ಲ ಉಪ್ಪು ಕಟ್ಕೊಂಡು ನೀರು ಎಲ್ಲೆಲ್ಲಿಗೋ ಚಿಮ್ಮುತ್ತೆ, ನಲ್ಲಿ ಬುಡದಲ್ಲಿ ಬಿಳೀ ಪದರ ಗಟ್ಟಿಯಾಗಿ ಕೂತಿರುತ್ತೆ, ಗೀಸರ್ ಒಳಗೆ ಕಾಯಿಲ್ ಸುತ್ತ ಸುಣ್ಣದ ಹಾಗೆ ಹೆಪ್ಪುಗಟ್ಟಿ ಒಂದಿನ ಸುಟ್ಟೇ ಹೋಗುತ್ತೆ. "ನೀವು ಸರಿಯಾಗಿ ಮೇಂಟೇನ್ ಮಾಡಿಲ್ಲ" ಅಂತಾರೆ ಓನರ್. ಬೋರ್ ನೀರು ಕೊಟ್ಟಿದ್ದು ಅವರೇ ಅಲ್ವಾ? ಅಷ್ಟಿದ್ರೂ ಟೈಲ್ಸ್ ಮೇಲಿನ ಬಿಳೀ ಕಲೆ ವಾರಕ್ಕೊಮ್ಮೆ ಉಜ್ಜೋದು ನಮ್ಮ ಕೆಲಸಾನೇ.

ಇನ್ನೊಂದು ಕಡೆ, ಮಗು ಕ್ರೆಯಾನಲ್ಲಿ ಗೋಡೆ ತುಂಬ ಬರೆದಿದ್ದು, ಟಿವಿಗೆ ಅಂತ ಹೊಡೆದ ತೂತುಗಳು, ಚಿಮಣಿ ಪೈಪಿಗೆ ಗೋಡೆ ಒಡೆದಿದ್ದು, ಕುಕ್ಕರ್ ಬಿದ್ದು ಸೀಳಿದ ಗ್ರಾನೈಟ್ ಕಟ್ಟೆ, ಬೆಕ್ಕು ಹರಿದ ಸೊಳ್ಳೆ ಮೆಶ್ಶು, ಕಳೆದುಹೋದ ಕೀಲಿ, ಇದಕ್ಕೆಲ್ಲ ವಾದ ಬೇಡ, ಕೊಟ್ಟುಬಿಡಿ.

ಮಧ್ಯದಲ್ಲಿರೋವೇ ತಲೆನೋವು. ಒಗ್ಗರಣೆ ಎಣ್ಣೆ ಒಲೆ ಹಿಂದಿನ ಟೈಲ್ಸಿಗೆ ಹತ್ತೋದು ಸಹಜ, ಆದ್ರೆ ಮೂರು ವರ್ಷ ಒರೆಸದೇ ಬಿಟ್ಟು ಅದು ಕಂದು ಬಣ್ಣದ ಅಂಟಾಗಿದ್ರೆ ಕ್ಲೀನಿಂಗ್ ಖರ್ಚು ನಿಮ್ದೇ. ದೇವರ ಗೂಡಲ್ಲಿ ದೀಪದ ಮಸಿ ನನ್ನ ಪ್ರಕಾರ ಸವಕಳಿ, ದೀಪ ಹಚ್ಚಕ್ಕೇ ಗೂಡು ಕಟ್ಟಿರೋದು. ಹೊಸ್ತಿಲಿಗೆ ಎನಾಮಲ್ ಪೇಂಟಲ್ಲಿ ರಂಗೋಲಿ ಬರೆಯೋಕೆ ಮುಂಚೆ ಓನರ್ ಆಂಟಿನ ಒಂದು ಮಾತು ಕೇಳಿ, ಕೆಲವರಿಗೆ ಖುಷಿ, ಕೆಲವರು ಹೋಗುವಾಗ ತೇಗದ ಹೊಸ್ತಿಲು ಹಾಳಾಯ್ತು ಅಂತ ಪಾಲಿಶ್ ದುಡ್ಡು ಕೇಳ್ತಾರೆ.

ತೇವದ ವಿಷಯದಲ್ಲಿ ಬಾಡಿಗೆದಾರರು ಸುಮ್ನಿದ್ದೇ ಕೆಡೋದು. ಮೇಲ್ಗಡೆ ಮನೆ ಬಾತ್‌ರೂಮಿಂದ ಸೋರಿ ಗೋಡೆಗೆ ಬೂಷ್ಟು ಬಂದ್ರೆ ಅದು ನಿಮ್ಮ ತಪ್ಪಲ್ಲ, ಆದ್ರೆ ಎರಡು ಮಳೆಗಾಲ ಬಾಯಿ ಬಿಡದೇ ಕೂತು ಕಪಾಟೂ ಕೊಳೆತ ಮೇಲೆ "ನಮಗೇನ್ ಗೊತ್ತು" ಅಂದ್ರೆ ಕೇಳೋರಿಲ್ಲ. ಕಂಡ ದಿನ ಫೋಟೋ ಸಮೇತ ಮೆಸೇಜ್ ಹಾಕಿ. ಓನರ್ ಮಾಡಿಸ್ಬೇಕಾದ ರಿಪೇರಿ ಅವರಿಗೆ ತಿಳಿಸಿ, ಸಮಂಜಸ ಟೈಮ್ ಕೊಟ್ಟ ಮೇಲೂ ಮಾಡಿಸ್ಲಿಲ್ಲ ಅಂದ್ರೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಕಳೀಬಹುದು ಅಂತ 108ರಲ್ಲೇ ಇದೆ. ಬಿಲ್ ಇಟ್ಕೊಳ್ಳಿ.

ವಯಸ್ಸಿನ ಲೆಕ್ಕ

ತಪ್ಪು ನಿಮ್ದೇ ಆದ್ರೂ ಪೂರ್ತಿ ಹೊಸದರ ದುಡ್ಡು ನೀವು ಕೊಡ್ಬೇಕಾಗಿಲ್ಲ. ಉದಾಹರಣೆಗೆ ಕ್ರೆಯಾನ್ ಬಿದ್ದ ಹಾಲ್‌ಗೆ ಪೇಂಟರ್ 12,000 ಹೇಳ್ದ ಅಂದ್ಕೊಳ್ಳಿ. ಒಳಗಡೆ ಪೇಂಟ್ ಆಯಸ್ಸು ಐದು ವರ್ಷ, ಅಂದ್ರೆ 60 ತಿಂಗಳು ಅಂತ ಇಬ್ಬರೂ ಒಪ್ಕೊಂಡ್ರೆ, ನೀವು ಬಂದಾಗ ಹೊಸ ಪೇಂಟ್ ಇತ್ತು, 36 ತಿಂಗಳು ಇದ್ರಿ, ಉಳಿದಿದ್ದು 24. 12,000ವನ್ನ 60ರಿಂದ ಭಾಗಿಸಿ 24ರಿಂದ ಗುಣಿಸಿದ್ರೆ 4,800. ನಿಮ್ಮ ಪಾಲು ಅಷ್ಟೇ. ನೀವು ಬರೋ ಹೊತ್ತಿಗೇ ಆ ಪೇಂಟಿಗೆ ಎರಡು ವರ್ಷ ಆಗಿತ್ತು ಅಂದ್ರೆ ಆಯಸ್ಸು ಮುಗಿದೇ ಹೋಗಿದೆ, ಕ್ರೆಯಾನ್ ಇರ್ಲಿ ಬಿಡ್ಲಿ ಓನರ್ ಹೆಂಗೂ ಹೊಡೆಸ್ಲೇಬೇಕಿತ್ತು. ಗೀಸರ್, ಸಿಂಕು, ಮೆಶ್ಶು ಎಲ್ಲಕ್ಕೂ ಇದೇ ಲೆಕ್ಕ. ಈ ಆಯಸ್ಸಿನ ಪಟ್ಟಿ ಯಾವ ಕಾಯ್ದೆಲೂ ಬರೆದಿಟ್ಟಿಲ್ಲ, ಆದ್ರೆ ಪೇಪರ್ ಮೇಲೆ ಲೆಕ್ಕ ಇಟ್ರೆ ಮಾತಿನ ಬಿಸಿ ತಾನಾಗೇ ಇಳಿಯುತ್ತೆ.

ಓನರ್‌ಗಳಿಗೂ ಒಂದು ಮಾತು, ಲಾಸ್ಟ್ ಪೇಂಟಿಂಗ್ ಬಿಲ್ಲು, ಗೀಸರ್ ವಾರಂಟಿ ಕಾರ್ಡು ಎಸೀಬೇಡಿ, ಇದೇ ಲೆಕ್ಕದಲ್ಲಿ ನಿಮಗೂ ಅದೇ ಆಧಾರ.

ಖಾಲಿ ಮಾಡೋ ತಿಂಗಳು

ನೋಟಿಸ್ ಅಗ್ರಿಮೆಂಟಲ್ಲಿ ಇದ್ದಷ್ಟು ಕೊಡಿ, ಬಾಯಲ್ಲಿ ಹೇಳಿದ ಮೇಲೂ ಮೆಸೇಜ್ ಹಾಕಿ. ಆಮೇಲೆ, ಹೋಗೋಕೆ ಎರಡು ವಾರ ಇದೆ ಅನ್ನುವಾಗ ಓನರ್‌ನ ಕಾಫಿಗೆ ಕರೆದು ಮನೆ ತೋರಿಸಿ, "ಏನಾದ್ರೂ ಸರಿ ಮಾಡಿಸ್ಬೇಕಾ ಸರ್, ಹೇಳಿ, ನಾವೇ ಮಾಡಿಸ್ತೀವಿ" ಅನ್ನಿ. ವಾಷರ್ ಹಾಕ್ಸೋದು, ಟ್ಯೂಬ್‌ಲೈಟ್ ಬದಲಾಯಿಸೋದು, ತೂತಿಗೆ ಪುಟ್ಟಿ ತುಂಬೋದು ನೀವು ಮಾಡಿಸಿದ್ರೆ ಇನ್ನೂರು ಮುನ್ನೂರಲ್ಲಿ ಹೋಗೋದು ಓನರ್ ಚೀಟಿಯಲ್ಲಿ ಸಾವಿರ ಆಗಿರುತ್ತೆ. ಪುಟ್ಟಿ ಮೇಲೆ ಮಾತ್ರ ಅಂದಾಜಲ್ಲಿ ಪೇಂಟ್ ಬಳೀಬೇಡಿ, ಶೇಡ್ ಕೂಡಲ್ಲ, ಕಜ್ಜಿ ಥರ ಕಾಣುತ್ತೆ, ಇಡೀ ಗೋಡೆ ದುಡ್ಡು ಕೇಳಕ್ಕೆ ನೀವೇ ಕಾರಣ ಕೊಟ್ಟಂಗೆ.

ಸಾಮಾನು ಹೋದ ಮೇಲೆ ಮತ್ತೆ ಅದೇ ದಾರೀಲಿ ವಿಡಿಯೋ. "ಹೊಸಬರು ಬಂದು ಅಡ್ವಾನ್ಸ್ ಕೊಟ್ಮೇಲೆ ನಿಮ್ದು ಕೊಡ್ತೀನಿ" ಅನ್ನೋ ಡೈಲಾಗ್ ಬಂದ್ರೆ ತಾರೀಖು ಹಾಕಿ ಬರೆಸ್ಕೊಳ್ಳಿ, ಅಥವಾ ಆ ತಾರೀಖಿನ ಚೆಕ್ ತಗೊಳ್ಳಿ. ಕೀಲಿ ಇಟ್ಕೊಂಡು ಹಟ ಹಿಡಿದ್ರೆ ಅಷ್ಟು ದಿನದ ಬಾಡಿಗೆ ಕೇಳೋ ಚಾನ್ಸ್ ಇದೆ, ಆದ್ರಿಂದ ದುಡ್ಡು ಟ್ರಾನ್ಸ್‌ಫರ್ ಆಗೋದು, ಕೀಲಿ ಕೈ ಬದಲಾಗೋದು ಒಂದೇ ಕೂತಲ್ಲಿ ಆಗೋ ಹಾಗೆ ಮೊದಲೇ ಮಾತಾಡ್ಕೊಳ್ಳಿ. ಕೊನೇ ಎರಡು ತಿಂಗಳ ಬಾಡಿಗೆ ಕೊಡದೇ ಅಡ್ವಾನ್ಸಲ್ಲಿ ಕಳೀರಿ ಅನ್ನೋದು ಓನರ್ ಒಪ್ಪಿದ್ರೆ ಸರಿ, ನೀವೇ ತೀರ್ಮಾನ ಮಾಡಿದ್ರೆ ಬಾಕಿದಾರರು ನೀವೇ ಆಗ್ತೀರಿ.

ಕೊಡಲೇ ಇಲ್ಲ ಅಂದ್ರೆ

ಸ್ಟೇಷನ್‌ಗೆ ಹೋದ್ರೆ ಸಾಮಾನ್ಯವಾಗಿ "ಇದು ಸಿವಿಲ್ ಮ್ಯಾಟರ್" ಅಂತ ವಾಪಸ್ ಕಳಿಸ್ತಾರೆ. ಮೊದಲು ಒಂದು ಲೆಟರ್ ಬರೀರಿ: ಕೊಟ್ಟ ಅಡ್ವಾನ್ಸ್ ಎಷ್ಟು, ಯಾವತ್ತು, ಹೇಗೆ ಕೊಟ್ಟಿದ್ದು, ಕೀಲಿ ಕೊಟ್ಟ ದಿನ, ಅವರು ಹಿಡಿದಿದ್ದು ಎಷ್ಟು, ನೀವು ಒಪ್ಪೋದು ಎಷ್ಟು, 15 ದಿನದಲ್ಲಿ ಬಾಕಿ ಕೊಡಿ ಅಂತ. ಪೋಸ್ಟಲ್ಲಿ ಅಕ್ನಾಲೆಡ್ಜ್‌ಮೆಂಟ್ ಸಮೇತ ಕಳಿಸಿ. ನೀವು ಒಪ್ಪೋ ಮೊತ್ತ ಬರೆಯೋದು ಮುಖ್ಯ, ಆಗ ನೋಡಿದವರಿಗೆ ಇವರು ನ್ಯಾಯವಾಗಿ ಮಾತಾಡ್ತಿದಾರೆ ಅನ್ಸುತ್ತೆ.

ಅದಕ್ಕೂ ಉತ್ತರ ಇಲ್ಲಾಂದ್ರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಪ್ರತೀ ಜಿಲ್ಲೆಯಲ್ಲೂ ಇದೆ, 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಕೇಸ್ ಹಾಕೋಕೆ ಮುಂಚೇನೇ ಲೋಕ ಅದಾಲತ್‌ಗೆ ಅರ್ಜಿ ಕೊಡಬಹುದು, ಅವರು ಓನರ್‌ಗೆ ನೋಟಿಸ್ ಕಳಿಸಿ ಇಬ್ಬರನ್ನೂ ಕೂರಿಸ್ತಾರೆ. ರಾಜಿ ಆಗಿ ಸೈನ್ ಬಿದ್ರೆ ಅದು ಕೋರ್ಟ್ ಡಿಕ್ರಿಗೆ, ಅಂದ್ರೆ ಕೋರ್ಟ್ ತೀರ್ಪಿಗೆ ಸಮ, ಅಪೀಲು ಇಲ್ಲ. ಓನರ್ ಬರದೇ ಹೋದ್ರೆ ಅಥವಾ ಒಪ್ಪದೇ ಹೋದ್ರೆ ಬಲವಂತ ಮಾಡೋ ಹಾಗಿಲ್ಲ, ಆಮೇಲೆ ಉಳಿಯೋದು ಹಣ ವಸೂಲಿ ದಾವೆ, ಅದಕ್ಕೆ ಮೂರು ವರ್ಷದ ಗಡುವಿದೆ. ಹಿಡಿದಿರೋದು ಆರೇಳು ಸಾವಿರ ಆದ್ರೆ ಲಾಯರ್ ಫೀಸಿಗೇ ಸಾಲಲ್ಲ, ಅದಾಲತ್‌ನಲ್ಲೇ ಸ್ವಲ್ಪ ಬಿಟ್ಕೊಟ್ಟು ಮುಗಿಸಿ ಅಂತೀನಿ ನಾನು. ಲಕ್ಷದ ಮಾತಾದ್ರೆ ಬಿಡ್ಬೇಡಿ. ಹೋಗುವಾಗ ಅಗ್ರಿಮೆಂಟ್, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್, ಎರಡೂ ವಿಡಿಯೋ ಇರೋ ಪೆನ್‌ಡ್ರೈವ್, ಚಾಟ್ ಪ್ರಿಂಟ್‌ಔಟ್, ಕಳಿಸಿದ ಲೆಟರ್ ಕಾಪಿ, ಇಷ್ಟನ್ನೂ ಎರಡೆರಡು ಸೆಟ್ ಮಾಡ್ಕೊಂಡು ಹೋಗಿ, ಅಲ್ಲಿನ ಜೆರಾಕ್ಸ್ ಅಂಗಡಿ ಕ್ಯೂನಲ್ಲಿ ನಿಂತ್ರೆ ಅರ್ಧ ದಿನ ಅಲ್ಲೇ ಹೋಗುತ್ತೆ.