ಕಡಲ ನೀರನ್ನು ಸೋಸುವ ಬಗೆ

ಕಡಲ ಸೂಕ್ಷ್ಮಜೀವಿಗಳ ಸಂಶೋಧನೆಗೆ ಹೊಸದಾಗಿ ಬರುವವರಿಗೆ ನಾನು ಮೊದಲು ಕಲಿಸುವುದು ನೀರು ಸೋಸುವುದನ್ನೇ. ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಗಳಿರುತ್ತವೆ. ನಿಮ್ಮ ಬೆರಳಿನವು ಅವುಗಳ ಜೊತೆ ಸೇರಬಾರದು. ಕೈಗವಸು ಹಾಕಿಕೊಳ್ಳಿ. ಆಮ್ಲದಲ್ಲಿ ತೊಳೆದ ಬಾಟಲಿಯನ್ನು ಮಾದರಿಯ ನೀರಿನಿಂದಲೇ ಮೂರು ಬಾರಿ ಕುಲುಕಿ ಚೆಲ್ಲಿ, ಆಮೇಲೆ ತುಂಬಿಸಿ.

0.22 ಮೈಕ್ರೋಮೀಟರ್ ರಂಧ್ರದ ಫಿಲ್ಟರ್ ಬಳಸಿ; ಜೀವಿಗಳು ಅದರ ಮೇಲೆ ಉಳಿಯುತ್ತವೆ, ಅವುಗಳ ಡಿಎನ್‌ಎಯೇ ನಮಗೆ ಬೇಕಾದದ್ದು. ಪಂಪಿನ ಒತ್ತಡವನ್ನು ಮಾತ್ರ ಏರಿಸಬೇಡಿ: ಕೋಶಗಳು ಒಡೆದರೆ ಡಿಎನ್‌ಎ ಸೋಸಿದ ನೀರಿನೊಡನೆ ಹರಿದುಹೋಗುತ್ತದೆ. ನನ್ನ ಮೊದಲ ಹಡಗುಯಾನದಲ್ಲಿ ಅವಸರಪಟ್ಟು 12 ಮಾದರಿಗಳನ್ನು ಹೀಗೆ ಕಳೆದುಕೊಂಡೆ; ಅಂದಿನ ಸಂಕಟ ಇನ್ನೂ ನೆನಪಿದೆ. ತಡಮಾಡುವುದೂ ತಪ್ಪೇ. ಬಾಟಲಿಯೊಳಗೆ ಕೆಲವು ಗಂಟೆಗಳಲ್ಲೇ ಕೆಲವು ಜೀವಿಗಳು ಹೆಚ್ಚಿ, ಉಳಿದವು ಕುಗ್ಗುತ್ತವೆ. ಸೋಸಿದೊಡನೆ ಫಿಲ್ಟರನ್ನು ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಶುದ್ಧ ನೀರನ್ನಷ್ಟೇ ಸೋಸಿದ ಒಂದು ಫಿಲ್ಟರನ್ನೂ ಜೊತೆಗಿಡಿ. ಅದರಲ್ಲಿ ಕಾಣುವುದೆಲ್ಲ ಹೊರಗಿನ ಕಲಬೆರಕೆ.

ಇನ್ನು, ಪೋಷಕಾಂಶ ತುಂಬಿದ ತಟ್ಟೆಯಲ್ಲಿ ಬೆಳೆದ ಜೀವಿಗಳಷ್ಟೇ ಕಡಲಿನಲ್ಲಿವೆ ಎಂದು ತಿಳಿಯಬೇಡಿ. ಎಸ್‌ಎಆರ್11 ಎಂಬ ಕಡಲ ಬ್ಯಾಕ್ಟೀರಿಯಗಳ ಗುಂಪನ್ನೇ ನೋಡಿ. ಅಟ್ಲಾಂಟಿಕ್ ಸಾಗರದ ಭಾಗವಾದ ಸಾರ್ಗಾಸೋ ಕಡಲಿನ ನೀರಿನ ಜೀನ್‌ಗಳಲ್ಲಿ ಅದು 1990ರಲ್ಲಿ ಪತ್ತೆಯಾಯಿತು. ಬೆಳೆಸಲು ಸಾಧ್ಯವಾದದ್ದು 2002ರಲ್ಲಿ. ಪೋಷಕಾಂಶ ತೀರಾ ಕಡಿಮೆಯಿರುವ, ಸೂಕ್ಷ್ಮಜೀವಿರಹಿತ ಮಾಡಿದ ಕಡಲ ನೀರಿಗೆ ಕೆಲವೇ ಕೋಶಗಳನ್ನು ಹಾಕಿ ವಾರಗಟ್ಟಲೆ ಕಾದಾಗ ಅದು ಬೆಳೆಯಿತು. ನೀವೂ ಹಾಗೆಯೇ ಕಾಯಿರಿ. ನೀರು ಕದಡದೆ ತಿಳಿಯಾಗಿಯೇ ಇದ್ದರೂ ಚೆಲ್ಲಬೇಡಿ, ಒಂದು ಹನಿಗೆ ಡಿಎನ್‌ಎಗೆ ಅಂಟುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ.