ಸಾಗರದ ಪಾಠಕ್ಕೆ ಬಿಸಿಲೆಯ ಮಳೆ

ಹಾಸನದ ಕಾಲೇಜೊಂದರಲ್ಲಿ ಪದವಿಯ ಮೊದಲ ವರ್ಷದವರಿಗೆ ಭೂಗೋಳಶಾಸ್ತ್ರ ಕಲಿಸುತ್ತೇನೆ. ಸಾಗರಗಳ ಪಾಠವನ್ನು ಖಂಡಾವರಣ ಪ್ರದೇಶ, ಖಂಡಾವರಣ ಇಳಿಜಾರು ಎಂದು ಕಡಲ ತಳದ ಭಾಗಗಳಿಂದ ಆರಂಭಿಸುವುದು ರೂಢಿ. ನಾನು ಹಾಗೆ ಮಾಡುವುದಿಲ್ಲ. ಕಾಣದ ತಳದ ಹೆಸರುಗಳನ್ನು ಮಕ್ಕಳು ಉರು ಹೊಡೆದು ಪರೀಕ್ಷೆ ಮುಗಿಯುತ್ತಲೇ ಮರೆಯುತ್ತಾರೆ. ಮೊದಲು ನೀರು ಅರ್ಥವಾಗಬೇಕು, ಅದೂ ನಮ್ಮ ನೀರು.

ಸಕಲೇಶಪುರ ತಾಲ್ಲೂಕಿನ ಬಿಸಿಲೆ ಬಳಿಯ ಮಂಕನಹಳ್ಳಿ ದಿಣ್ಣೆಯ ಮೇಲೆ ಸುರಿದ ಮಳೆ ಇಬ್ಭಾಗವಾಗುತ್ತದೆ. ಒಂದು ಪಾಲು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೆ. ಇನ್ನೊಂದು ಹೇಮಾವತಿ, ಕಾವೇರಿಯ ದಾರಿ ಹಿಡಿದು ಬಂಗಾಳ ಕೊಲ್ಲಿಯತ್ತ. ಈ ಎರಡು ದಾರಿಗಳನ್ನು ಹಲಗೆಯ ಮೇಲೆ ಬರೆದು, ಎರಡೂ ಕಡಲಿನ ನೀರು ಒಂದೇ ಬಗೆಯದೇ ಎಂದು ಕೇಳುತ್ತೇನೆ. ಬಹುತೇಕರು ಹೌದು ಎನ್ನುತ್ತಾರೆ.

ಆಗ ಬಾಟಲಿಗಳನ್ನು ಹೊರತೆಗೆಯುತ್ತೇನೆ. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸರಾಸರಿ 35 ಗ್ರಾಂ ಲವಣವಿರುತ್ತದೆ. ಹಾಗಾಗಿ 965 ಗ್ರಾಂ ನೀರಿಗೆ 35 ಗ್ರಾಂ ಕಲ್ಲುಪ್ಪನ್ನು ವಿದ್ಯಾರ್ಥಿಗಳೇ ತೂಗಿ ಕರಗಿಸಬೇಕು. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಅದಕ್ಕೆ ಬೆರೆಸಿ, ಒಂದೇ ಅಳತೆಯ ಬಾಯಿಯ ಎರಡು ಗಾಜಿನ ಬಾಟಲಿಗಳಲ್ಲಿ ಒಂದಕ್ಕೆ ಅಂಚಿನವರೆಗೆ ತುಂಬಿಸುತ್ತೇವೆ. ಇನ್ನೊಂದಕ್ಕೆ ಬರೀ ಸಿಹಿನೀರು. ಸಿಹಿನೀರಿನ ಬಾಯಿಗೆ ದಪ್ಪ ಕಾಗದ ಒತ್ತಿ ಹಿಡಿದು, ಬಾಟಲಿಯನ್ನು ಬೋರಲಾಗಿ ಉಪ್ಪುನೀರಿನ ಮೇಲೆ ಕೂರಿಸಿ ಕಾಗದವನ್ನು ಮೆಲ್ಲಗೆ ಎಳೆಯಬೇಕು. ಬಣ್ಣ ಕೆಳಗೇ ನಿಲ್ಲುತ್ತದೆ, ಗೆರೆ ಎಳೆದ ಹಾಗೆ. ಅದೇ ಜೋಡಿಯನ್ನು ತಲೆಕೆಳಗು ಮಾಡಿದರೆ ಬಣ್ಣ ಎಳೆಎಳೆಯಾಗಿ ಇಳಿದು ಕ್ಷಣದಲ್ಲಿ ಎರಡೂ ಬೆರೆಯುತ್ತವೆ. ಸಾಂದ್ರತೆಯ ಬಗ್ಗೆ, ಅಂದರೆ ಅಷ್ಟೇ ಅಳತೆಯ ಸಿಹಿನೀರಿಗಿಂತ ಉಪ್ಪುನೀರು ಭಾರ ಎಂಬುದರ ಬಗ್ಗೆ, ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಬೀಳುವುದಿಲ್ಲ.

ಬಣ್ಣ ಕೆಳಗೇ ನಿಂತ ಆ ಮೊದಲ ನೋಟವೇ ಬಂಗಾಳ ಕೊಲ್ಲಿ. ಗಂಗಾ, ಬ್ರಹ್ಮಪುತ್ರ, ಐರಾವತಿಗಳ ನೀರು ಮತ್ತು ಭಾರೀ ಮಳೆ ಅಲ್ಲಿ ಮೇಲ್ಪದರವಾಗಿ ಹರಡುತ್ತವೆ. ಅರಬ್ಬಿ ಸಮುದ್ರದಲ್ಲಿ ಬರುವ ಸಿಹಿನೀರಿಗಿಂತ ಆವಿಯಾಗಿ ಹೋಗುವುದೇ ಹೆಚ್ಚು, ಆದ್ದರಿಂದ ಲವಣತೆಯೂ ಹೆಚ್ಚು.

“ಮೇಡಂ, ಮೇಲಿನ ಪದರ ಬೆರೆಯದಿದ್ದರೆ ಬಿಸಿಲಿನ ಶಾಖವೂ ಮೇಲೆಯೇ ಉಳಿಯಬೇಕಲ್ಲವೇ?” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು. ನಾನು ಕಾಯುವುದೇ ಈ ಪ್ರಶ್ನೆಗಾಗಿ! ಹಗುರವಾದ ಪದರ ಮುಚ್ಚಿರುವುದರಿಂದ ಗಾಳಿ ಬೀಸಿದರೂ ಆಳದ ತಣ್ಣೀರು ಸುಲಭವಾಗಿ ಮೇಲೇಳುವುದಿಲ್ಲ. ಬೆಚ್ಚಗೇ ಉಳಿದ ಆ ಮೇಲ್ಮೈ ಚಂಡಮಾರುತಗಳಿಗೆ ಶಕ್ತಿ ಒದಗಿಸುತ್ತದೆ. ಅರಬ್ಬಿ ಸಮುದ್ರಕ್ಕಿಂತ ಕೊಲ್ಲಿಯಲ್ಲಿ ಚಂಡಮಾರುತ ಹೆಚ್ಚಾಗಿರಲು ಇದೂ ಒಂದು ಕಾರಣ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಪಶ್ಚಿಮ ಅಂಚಿನ ಸೊಮಾಲಿಯಾ ತೀರದಲ್ಲಿ ಆಳದ ತಣ್ಣೀರನ್ನು ಮೇಲೆಬ್ಬಿಸುವುದನ್ನು ಹೇಳಿದರೆ ಎರಡು ಕಡಲುಗಳ ವ್ಯತ್ಯಾಸ ಇನ್ನೂ ನಿಚ್ಚಳವಾಗುತ್ತದೆ.

ತಳದ ಹೆಸರುಗಳು ಆಮೇಲೆ, ಒಂದೇ ತರಗತಿಯಲ್ಲಿ. ಉಬ್ಬರವಿಳಿತಕ್ಕೆ ಮಾತ್ರ ಬಾಟಲಿ ಸಾಲದು. ಮಂಗಳೂರಿನ ಉಬ್ಬರದ ವೇಳೆಯನ್ನು ವಾರವಿಡೀ ಬರೆದಿಡಲು ಹೇಳುತ್ತೇನೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದು ಕಂಡಾಗ, ಚಂದ್ರನ ಮಾತನ್ನು ಅವರೇ ಎತ್ತುತ್ತಾರೆ.